ಮಟನ್ ಜೋಡಿ ಹಸಿ ಹತ್ತರಕಿ: ನನ್ನ ಅನುಭವ

ಭಾನುವಾರದ ಮಟನ್ ಊಟಕ್ಕೆ ಫೋನ್ ಮಾಡುವವರು ಈಗ "ಅಕ್ಕಾರ, ಪಲ್ಲೆ ಎರಡು ಪಾಲು ಇಡ್ರಿ" ಎನ್ನುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ. ಪಲ್ಲೆ ಎಂದರೆ ಹಸಿ ಹತ್ತರಕಿ, ಹೊಲದಲ್ಲಿ ಹುಟ್ಟುವ ಕಹಿ ಸೊಪ್ಪು. ಎರಡು ವರ್ಷದ ಹಿಂದೆ ಇದೇ ಪಲ್ಲೆ ಡಬ್ಬಿಯಲ್ಲಿ ಹಾಗೇ ವಾಪಸ್ ಬರುತ್ತಿತ್ತು.

ನಾನು ಹುಬ್ಬಳ್ಳಿಯಲ್ಲಿ ಮನೆಯಿಂದಲೇ ವಾರಕ್ಕೊಮ್ಮೆ ಮಟನ್ ಊಟ ಮಾಡಿ ಕೊಡುತ್ತೇನೆ. ಇಪ್ಪತ್ತೈದು, ಮೂವತ್ತು ಊಟ. ಅದಕ್ಕಿಂತ ಜಾಸ್ತಿ ನನ್ನ ಒಲೆಗೆ ಆಗುವುದಿಲ್ಲ. ಸಾವಜಿ ಖಾನಾವಳಿಗಳಿರುವ ಊರಿನಲ್ಲಿ ಮಟನ್ ಮಾರಿ ನಾಲ್ಕು ಕಾಸು ನೋಡುವುದು ಸುಲಭ ಅಲ್ಲ. ಖಾರದಲ್ಲಿ ಅವರನ್ನು ಮೀರಿಸಲು ನನ್ನಿಂದ ಆಗುವುದಿಲ್ಲ, ಮೀರಿಸುವ ಆಸೆಯೂ ಇಲ್ಲ. ನನಗೆ ಬೇಕಾಗಿದ್ದು ಕಹಿ. ಕುರಿ ಮಟನ್ ತಿಂದ ಮೇಲೆ ಅಂಗುಳಕ್ಕೆ ಹತ್ತುವ ಜಿಡ್ಡು ಇದೆಯಲ್ಲ, ಅದನ್ನು ಕಡಿಯುವಂಥ ಕಹಿ. ಉಳ್ಳಾಗಡ್ಡಿ, ನಿಂಬೆಹಣ್ಣು ಎಲ್ಲರೂ ಕೊಡುತ್ತಾರೆ. ಹತ್ತರಕಿ, ಹಸಿ ಮೆಂತೆಯನ್ನು ಮಟನ್ ತಾಟಿಗೆ ಯಾರೂ ಹಾಕುತ್ತಿರಲಿಲ್ಲ.

ಹಸಿ ಪಲ್ಲೆ ನಮ್ಮ ಕಡೆ ಹೊಸದೇನಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದರೆ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹಿಂಡಿ (ಚಟ್ನಿಪುಡಿ) ಜೊತೆ ಮುಷ್ಟಿಗಟ್ಟಲೆ ಮೆಂತೆ, ಹತ್ತರಕಿ ತಿನ್ನುತ್ತೇವೆ. ಆದರೆ ಅದು ಪೂರ್ತಿ ಸಸ್ಯಾಹಾರದ ಊಟ. ಮಟನ್ ಜೊತೆ ಎಂದಾಗ ನಮ್ಮ ಅತ್ತೆ, "ಹಸಿ ಪಲ್ಲೆ ಮ್ಯಾಲ ಖಂಡದ ಎಣ್ಣಿ ಸುರುವಿದ್ರ ದನಾನೂ ಮೂಸೂದಿಲ್ಲ" ಎಂದುಬಿಟ್ಟರು. ಮಟನ್ ಅಂಗಡಿಯವನು ಸುಮ್ನೆ ನಕ್ಕ. ಪರಿಚಯದ ಖಾನಾವಳಿ ಕಾಕಾ ಒಬ್ಬರು ಮಾತ್ರ ಕಾರಣ ಕೊಟ್ಟು ಹೇಳಿದರು: "ತಂಗಿ, ಕುರಿ ಕೊಬ್ಬು ತಣ್ಣಗಾದ್ರ ಗಟ್ಟಿ ಆಗತೈತಿ. ಪಲ್ಲೆ ಮೊದಲ ತಣ್ಣಗಿರತೈತಿ. ಎರಡೂ ಕೂಡೂದಿಲ್ಲ ಬಿಡು." ಮುಂದೆ ಸುಮಾರು ಒಂದು ವರ್ಷ ನಾನು ಹೆಣಗಿದ್ದು ಈ ಒಂದು ಮಾತಿನ ಜೊತೆಗೇ.

ಮೊದಲು ಮಾಡಿದ್ದು ಯಾರಿಗಾದರೂ ಹೊಳೆಯುವಂಥದ್ದು. ಮಟನ್ ಸುಕ್ಕಾ ಹುರಿಯುವಾಗ ಕಡಾಯಿ ಅಂಚಿಗೆ ಬಿಡುವ ಕೆಂಪು ಎಣ್ಣೆಯನ್ನು ಪಲ್ಲೆ ಮೇಲೆ ಸುರಿದೆ. ಒಲೆ ಪಕ್ಕ ನಿಂತು ತಿಂದಾಗ ಭರ್ಜರಿ. ಊಟಕ್ಕೆ ಕೂರುವಷ್ಟರಲ್ಲಿ ಎಲೆ ಮೇಲೆ ಮೇಣದಬತ್ತಿ ಹನಿಸಿದ ಹಾಗೆ ಬಿಳಿ ಪದರ. ಕುರಿ ಕೊಬ್ಬು 40 ಡಿಗ್ರಿ ಆಸುಪಾಸಿಗೆ ಬಂದರೆ ಬಿಗಿಯಲು ಶುರು. ಡಿಸೆಂಬರ್ ರಾತ್ರಿ ಸ್ಟೀಲ್ ತಾಟು ಎಷ್ಟು ತಣ್ಣಗಿರುತ್ತದೆ, ನಿಮಗೆ ಗೊತ್ತೇ ಇದೆ. ತಾಟನ್ನು ಅನ್ನದ ಪಾತ್ರೆ ಮೇಲಿಟ್ಟು ಬಿಸಿ ಮಾಡಿ ನೋಡಿದೆ. ಮನೆಯವರಿಗೆ ನಡೆಯಿತು. ಪಾರ್ಸಲ್‌ಗೆ ಏನು ಮಾಡುವುದು?

ಎಣ್ಣೆಯನ್ನೇ ಇನ್ನಷ್ಟು ಕಾಯಿಸಿ ಸುರಿದರೆ ಎಲೆ ಕಪ್ಪಾಗಿ ಬೇಯಿಸಿದ ಪಲ್ಲೆಯ ವಾಸನೆ ಹೊಡೆಯಿತು. 400 ರೂಪಾಯಿ ಕೊಟ್ಟು ಒಂದು ಥರ್ಮಾಮೀಟರ್ ತಂದೆ. 65 ಡಿಗ್ರಿಗಿಂತ ಕೆಳಗಿದ್ದರೆ ಎಲೆ ಉಳಿಯುತ್ತದೆ, ಆದರೆ ಹತ್ತು ನಿಮಿಷದಲ್ಲಿ ಕೊಬ್ಬು ಬಿಗಿಯುತ್ತದೆ. ಕೊಬ್ಬನ್ನೇ ಬಿಟ್ಟು ಬರೀ ಶೇಂಗಾ ಎಣ್ಣೆ ಹಾಕಿದೆ. ಬಿಗಿಯಲಿಲ್ಲ, ಸರಿ. ಆದರೆ ಮಟನ್ನಿನ ಘಮ ಎಲ್ಲಿ? ಅರ್ಧ ಕೊಬ್ಬು, ಅರ್ಧ ಗಾಣದ ಶೇಂಗಾ ಎಣ್ಣೆ ಬೆರೆಸಿದಾಗ ಸ್ವಲ್ಪ ದಾರಿಗೆ ಬಂತು. ಬಾಯಿಗೆ ಹತ್ತುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕುಸುಬಿ ಎಣ್ಣೆಯನ್ನೂ ನೋಡಿದೆ. ರುಚಿಯಲ್ಲಿ ತಕರಾರಿಲ್ಲ, ದುಡ್ಡಿನ ಲೆಕ್ಕಕ್ಕೆ ಕೂರಲಿಲ್ಲ.

ಆ ಹೊತ್ತಿಗೆ ಪಾರ್ಸಲ್‌ನಲ್ಲಿ ಎಣ್ಣೆಯನ್ನು ಸಣ್ಣ ಕಪ್ಪಿನಲ್ಲಿ ಬೇರೆ ಕೊಟ್ಟು "ಬಿಸಿ ಮಾಡಿ ಹಾಕಿಕೊಳ್ಳಿ" ಎಂದು ಹೇಳಿ ಕಳಿಸುತ್ತಿದ್ದೆ. ಯಾರು ಬಿಸಿ ಮಾಡುತ್ತಾರೆ ಹೇಳಿ! ಹಸಿದವರು ಹಾಗೇ ಸುರಿದುಕೊಂಡರು, ಆಮೇಲೆ ನನ್ನನ್ನು ಬೈದರು. ಒಂದು ಭಾನುವಾರ ಅರ್ಧಕ್ಕರ್ಧ ಜನರಿಗೆ ದುಡ್ಡು ವಾಪಸ್ ಕೊಟ್ಟೆ. ಆ ದಿನ ಕೈಯಿಂದ ಹೋಗಿದ್ದು 2,000ದ ಮೇಲೆ. ಮನೆಯಲ್ಲಿ ಮೂರು ದಿನ ಅದೇ ಮಾತು.

ಎಲೆಯ ಕಥೆ ಬೇರೆಯೇ ಇದೆ. ಹತ್ತರಕಿ ಹಿಂಗಾರಿ ಹೊಲದಲ್ಲಿ ತಾನಾಗಿ ಹುಟ್ಟುವುದು. ಚಳಿ ಬಿದ್ದ ಮೇಲೆ ಜನತಾ ಬಜಾರಿನಲ್ಲಿ ಸುತ್ತಲಿನ ಹಳ್ಳಿಯ ಅಜ್ಜಿಯರು ಗುಡ್ಡೆ ಹಾಕಿಕೊಂಡು ಕೂರುತ್ತಾರೆ. ಬೆಳಿಗ್ಗೆ ಏಳಕ್ಕೇ ಹೋದರೆ ಗುಡ್ಡೆ 10 ರೂಪಾಯಿ, ಒಂಬತ್ತರ ಮೇಲೆ ಬಾಡಿದ್ದಕ್ಕೇ 15 ಕೇಳುತ್ತಾರೆ. ಹೂ ಬಿಟ್ಟ ಗಿಡ ಬೇಡ. ಎಲೆ ನಾರಾಗಿರುತ್ತದೆ, ಕಹಿ ಗಂಟಲಿನಲ್ಲಿ ಕೂರುತ್ತದೆ. ದಂಟು ಮುರಿದರೆ ಹಾಲು ಬರುತ್ತದೆ, ನೋಡಿರುತ್ತೀರಿ. ಬುಡ ಕತ್ತರಿಸಿ ಕಾಲು ಗಂಟೆ ತಣ್ಣೀರಿನಲ್ಲಿ ಬಿಟ್ಟರೆ ಆ ಹಾಲು ಇಳಿದು ಕಹಿ ಹದಕ್ಕೆ ಬರುತ್ತದೆ. ಅರ್ಧ ಗಂಟೆ ಬಿಟ್ಟರೆ ಕಹಿಯೇ ಹೋಗಿ ಎಲೆ ಸಪ್ಪೆ. ಅದಕ್ಕೆ ದುಡ್ಡು ಯಾಕೆ ಕೊಡಬೇಕು?

ಮೆಂತೆಯನ್ನು ಹೆಚ್ಚಬೇಡಿ. ಚಾಕು ತಾಗಿದಷ್ಟೂ ಕಹಿ ಜಾಸ್ತಿ. ಕುಡಿ ಕುಡಿಯಾಗಿ ಚಿವುಟಿ. ದೊಡ್ಡ ಎಲೆಯನ್ನು ನಾನು ಬೇಳೆಗೆ ಹಾಕುತ್ತೇನೆ, ಹಸಿ ತಿನ್ನಲು ಸಣ್ಣ ಎಲೆಯ ಮೆಂತೆಯೇ ಸೈ. ಎರಡು ಪಾಲು ಹತ್ತರಕಿಗೆ ಒಂದು ಪಾಲು ಮೆಂತೆ, ಮೇಲೆ ಸ್ವಲ್ಪ ಮೂಲಂಗಿ ಎಲೆ.

ಕಹಿ ಇಳಿಯಲಿ ಎಂದು ಉಪ್ಪು ಹಚ್ಚುವವರಿದ್ದಾರೆ. ಹಾಗಲಕಾಯಿಗೆ ಅದು ಸರಿ. ಇಲ್ಲಿ ಉಪ್ಪು ಬಿದ್ದ ಹತ್ತು ನಿಮಿಷಕ್ಕೆ ಎಲೆ ನೀರು ಬಿಟ್ಟು ಮುದುಡಿಕೊಳ್ಳುತ್ತದೆ. ಆ ನೀರಿನ ಮೇಲೆ ಕೊಬ್ಬು ತೇಲುತ್ತದೆ, ಎಲೆಗೆ ಹತ್ತುವುದೇ ಇಲ್ಲ. ನಿಂಬೆಹಣ್ಣಿನದೂ ಇದೇ ಹಣೆಬರಹ. ಹಾಗಾಗಿ ನನ್ನ ಎಲೆಗೆ ಉಪ್ಪೂ ಇಲ್ಲ, ಹುಳಿಯೂ ಇಲ್ಲ. ನಿಂಬೆ ಹೋಳು ಪಕ್ಕಕ್ಕೆ ಇರುತ್ತದೆ, ತಿನ್ನುವವರು ತಿನ್ನುವಾಗ ಹಿಂಡಿಕೊಳ್ಳಲಿ.

ಎಲೆ ಒಣಗಿರಬೇಕು, ಇದು ಮುಖ್ಯ. ಮೂರು ನೀರಿನಲ್ಲಿ ತೊಳೆಯಲೇಬೇಕು, ಹೊಲದ ಎರೆಮಣ್ಣು ಸುಮ್ನೆ ಬಿಡುವುದಿಲ್ಲ. ತೊಳೆದ ನೀರು ಎಲೆಯಲ್ಲಿ ಉಳಿದರೆ ಎಲ್ಲ ಕೆಟ್ಟಿತು. ಆನ್‌ಲೈನ್‌ನಲ್ಲಿ 900 ರೂಪಾಯಿಯ ತಿರುಗಿಸುವ ಪ್ಲಾಸ್ಟಿಕ್ ಬುಟ್ಟಿ ತರಿಸಿದೆ. ನಮ್ಮ ಸೊಪ್ಪಿನ ಪ್ರಮಾಣಕ್ಕೆ ಅದು ಆಟದ ಸಾಮಾನು. ಎರಡು ತಿಂಗಳಲ್ಲಿ ಹಿಡಿಕೆ ಕಿತ್ತು ಬಂತು. ಈಗ ಹಳೆಯ ಧೋತರದಲ್ಲಿ ಗಂಟು ಕಟ್ಟಿ ಹಿತ್ತಲಲ್ಲಿ ನಿಂತು ಗರಗರ ಬೀಸುತ್ತೇನೆ. ಪಕ್ಕದ ಮನೆಯ ಹುಡುಗರಿಗೆ ಪುಕ್ಕಟೆ ಮನರಂಜನೆ. ಆಮೇಲೆ ಫ್ಯಾನ್ ಕೆಳಗೆ ಅರ್ಧ ತಾಸು.

ಇನ್ನು ಕೊಬ್ಬು ಬಿಗಿಯುವ ಗಂಟು ಬಿಚ್ಚಿದ ವಿಷಯ. ಕೊಬ್ಬನ್ನು ಎಲೆ ಮೇಲೆ ಸುರಿಯುವುದನ್ನೇ ಬಿಟ್ಟೆ. ಅದನ್ನು ಶೇಂಗಾ ಹಿಂಡಿಗೆ ಕುಡಿಸಿದೆ. ಅಷ್ಟೇ. ಹಿಂಡಿ ಕೊಬ್ಬನ್ನು ಹೀರಿಕೊಂಡು ಉದುರು ಉದುರಾಗಿ ನಿಲ್ಲುತ್ತದೆ. ತಣ್ಣಗಾದರೂ ಪದರ ಕಟ್ಟುವುದಿಲ್ಲ, ಯಾಕೆಂದರೆ ಪದರ ಕಟ್ಟುವಷ್ಟು ಕೊಬ್ಬು ಒಂದೇ ಕಡೆ ಇರುವುದಿಲ್ಲ. ಎಲೆ ಮೇಲೆ ಉದುರಿಸಿ ಕೈಯಾಡಿಸಿದರೆ ಮಟನ್ ಘಮ, ಖಾರ, ಉಪ್ಪು ಎಲ್ಲ ಒಟ್ಟಿಗೆ ಹತ್ತುತ್ತದೆ.

ಕೊಬ್ಬು ಕರಗಿಸುವುದು ಹೀಗೆ. ಅಂಗಡಿಯವನು ತೆಗೆದುಹಾಕುವ ಚರಬಿಯನ್ನು ಸಣ್ಣಗೆ ಹೆಚ್ಚಿ, ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಬಿಡಿ. ನೀರು ಆರಿ, ಚೂರುಗಳು ಹೊಂಬಣ್ಣಕ್ಕೆ ಬಂದ ಮೇಲೆ ಸೋಸಿ. ಆ ಚೂರುಗಳನ್ನು ಎಸೆಯಬೇಡಿ, ಕುಟ್ಟಿ ಹಿಂಡಿಗೇ ಸೇರಿಸಿ. ಕೊಬ್ಬು ಬೆಚ್ಚಗಿರುವಾಗಲೇ ಅಷ್ಟೇ ಶೇಂಗಾ ಎಣ್ಣೆ ಬೆರೆಸಿ, ಬ್ಯಾಡಗಿ ಪುಡಿ ಹಾಕಿ. ಬ್ಯಾಡಗಿಯಲ್ಲಿ ಕಡ್ಡಿ ತಳಿಗಿಂತ ಡಬ್ಬಿ ತಳಿಯ ಮೆಣಸಿನಕಾಯಿ ಒಳ್ಳೆಯದು, ಬಣ್ಣ ಜಾಸ್ತಿ, ಖಾರ ಕಡಿಮೆ. ಬಣ್ಣ ಎಣ್ಣೆಗೆ ಇಳಿಯಲು ಹತ್ತು ನಿಮಿಷ ಸಾಕು. ನಾಲ್ಕು ಚಮಚ ಹಿಂಡಿಗೆ ಈ ಎಣ್ಣೆ ಒಂದು ಚಮಚ, ಹೆಚ್ಚೆಂದರೆ ಒಂದೂಕಾಲು. ಬೆರಳಲ್ಲಿ ತಿಕ್ಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬಾರದು. ಉಂಡೆಯಾದರೆ ಇನ್ನಷ್ಟು ಹಿಂಡಿ ಸೇರಿಸಿ.

ಹಿಂಡಿಯನ್ನು ಮಿಕ್ಸಿಯಲ್ಲಿ ಒಂದೇ ಸಮನೆ ತಿರುಗಿಸಬೇಡಿ, ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ನಾನು ಕಲ್ಲಿನಲ್ಲೇ ಕುಟ್ಟುವುದು. ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರ ಎಲ್ಲರ ಮನೆಯಂತೆ. ಅದರ ಜೊತೆ ಹುರಿದು ಹಾಕುವ ಇನ್ನೊಂದು ಸಾಮಾನು ಇದೆ. ಅದನ್ನು ಹೇಳುವುದಿಲ್ಲ. ಅತ್ತೆಗೂ ಹೇಳಿಲ್ಲ.

ಬೇರೆ ಹಿಂಡಿಗಳನ್ನೂ ಬಿಡಲಿಲ್ಲ. ಅಗಸಿ ಹಿಂಡಿ ಕೊಬ್ಬನ್ನು ಚೆನ್ನಾಗಿ ಹಿಡಿಯಿತು, ಆದರೆ ಎಲೆಯಲ್ಲಿ ಒಂದಿಷ್ಟು ತೇವ ಸಿಕ್ಕರೂ ಲೋಳೆ ಬಿಡುತ್ತದೆ. ಗುರೆಳ್ಳು ನನಗೆ ತುಂಬಾ ಇಷ್ಟ. ಆದರೆ ಅದರದ್ದೇ ಒಂದು ಒಗರು ಕಹಿ ಇದೆ, ಕಹಿ ಮೇಲೆ ಕಹಿ ಕೂತು ಗಿರಾಕಿಗಳು ಮುಖ ಕಿವುಚಿದರು. ಪುಟಾಣಿ (ಹುರಿಗಡಲೆ) ಹಿಟ್ಟು ಎಲ್ಲಕ್ಕಿಂತ ಅಗ್ಗ, ಕೊಬ್ಬನ್ನು ಎಲ್ಲಕ್ಕಿಂತ ಜಾಸ್ತಿ ಕುಡಿಯುತ್ತದೆ. ಬಾಯಲ್ಲಿ ಹಿಟ್ಟು ಹಿಟ್ಟು. ಶೇಂಗಾಕ್ಕೇ ವಾಪಸ್ ಬಂದೆ.

ಮಟನ್ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ, ನಿಮಗೆಲ್ಲ ಬರುತ್ತದೆ. ಕುರಿಯದ್ದೇ ತರುತ್ತೇನೆ, ಆಡಿನಲ್ಲಿ ನನಗೆ ಬೇಕಾದಷ್ಟು ಚರಬಿ ಸಿಗುವುದಿಲ್ಲ. ಮುಂಗಾಲು ಮತ್ತು ಎದೆ ಭಾಗ, ಎಲುಬು ಇರಲೇಬೇಕು. ಅರಿಶಿನ, ಉಪ್ಪು, ಉಳ್ಳಾಗಡ್ಡಿ ಹಾಕಿ ಕುಕ್ಕರಿನಲ್ಲಿ ಮುಕ್ಕಾಲು ಬೇಯಿಸಿ, ರಸ ಬಸಿದು ಅನ್ನಕ್ಕೆ ಇಟ್ಟು, ಉಳಿದಿದ್ದನ್ನು ಕಬ್ಬಿಣದ ಕಡಾಯಿಯಲ್ಲಿ ಒಣ ಕೊಬ್ಬರಿ ಮಸಾಲೆ ಜೊತೆ ಹುರಿಯುವುದು. ಒಂದೇ ಬದಲಾವಣೆ ಮಾಡಿದ್ದೇನೆ. ಪಕ್ಕದಲ್ಲಿ ಕಹಿ ಪಲ್ಲೆ ಇದೆ ಎಂದರೆ ಮಟನ್ನಿಗೆ ಖಾರ ಸ್ವಲ್ಪ ಇಳಿಸಿ, ಕೊಬ್ಬರಿ ಒಂದು ಹಿಡಿ ಏರಿಸಿ. ಖಾರ ಮತ್ತು ಕಹಿ ಎರಡೂ ಜೋರಾಗಿದ್ದರೆ ನಾಲಿಗೆಗೆ ಮಟನ್ನೇ ಗೊತ್ತಾಗುವುದಿಲ್ಲ.

ನಡುವೆ ಬೇರೆ ಹುಚ್ಚಾಟಗಳೂ ನಡೆದವು. ಚಿಕನ್ ಜೊತೆ ಇದು ಏನೇನೂ ಅಲ್ಲ. ಅಂಗಡಿ ಕೋಳಿಗೆ ಕಹಿಯನ್ನು ತಡೆದುಕೊಳ್ಳುವ ಶಕ್ತಿಯೇ ಇಲ್ಲ, ತಾಟಿನ ತುಂಬ ಬರೀ ಮೆಂತೆಯ ರುಚಿ. ಲಿವರ್ ಹುರಿದು ಹತ್ತರಕಿ ಮೇಲೆ ಇಟ್ಟರೆ ನನಗೂ ಯಜಮಾನರಿಗೂ ಪ್ರಾಣ, ಉಳಿದವರು ಮುಟ್ಟುವುದಿಲ್ಲ. ಖೀಮಾ ತುಂಬಿದ ಹಾಗಲಕಾಯಿಯನ್ನು ಒಂದೆರಡು ವಾರ ಮಾರಿದೆ. ಚೆನ್ನಾಗಿ ಹೋಯಿತು, ಆದರೆ ಒಂದೊಂದನ್ನೂ ದಾರ ಸುತ್ತಿ ಹುರಿಯುತ್ತಾ ಕೂತರೆ ರೊಟ್ಟಿ ಯಾರು ನೋಡಬೇಕು?

ಎಲ್ಲಕ್ಕಿಂತ ರುಚಿಯಾಗಿ ಬಂದದ್ದು ಮಾರಲಾಗದ್ದು. ಮಡಿಕೇರಿಯ ಗೆಳತಿ ಮನೆಗೆ ಹೋದಾಗ ಅವಳು ಹಂದಿ ಮಾಂಸದ ಪಂದಿ ಕರಿ ಮಾಡಿದ್ದಳು, ಕಾಚಂಪುಳಿ ಎಂಬ ಕೊಡಗಿನ ಹುಳಿ ಹಾಕಿ ಕಪ್ಪಗೆ. ನಾನು ಊರಿಂದ ಒಂದು ಕಟ್ಟು ಹತ್ತರಕಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆ. ಆ ಕರಿಯ ಕೊಬ್ಬನ್ನು ಹಾಗೇ ಎಲೆ ಮೇಲೆ ಸುರಿದೆವು. ಹಂದಿ ಕೊಬ್ಬು ಕುರಿಯದಕ್ಕಿಂತ ಮೆತ್ತಗೆ, ಬೇಗ ಬಿಗಿಯುವುದಿಲ್ಲ. ಹಿಂಡಿಯ ಗೊಡವೆಯೇ ಇಲ್ಲ, ಕಾಚಂಪುಳಿಯ ಹುಳಿ ಬೇರೆ. ಅವರ ಮನೆಯವರು ಅಕ್ಕಿ ರೊಟ್ಟಿ ಜೊತೆ ಪೂರ್ತಿ ಕಟ್ಟು ಮುಗಿಸಿದರು. ನಮ್ಮ ಓಣಿಯಲ್ಲಿ ಇದನ್ನು ಮಾರಿದರೆ ಆಮೇಲೆ ಮನೆ ಬಾಡಿಗೆಗೆ ಬೇರೆ ಕಡೆ ನೋಡಬೇಕಾದೀತು.

ಲೆಕ್ಕ ಕೇಳುತ್ತೀರಿ, ಗೊತ್ತು. ಎಲ್ಲ ಅಂದಾಜು. ಕಳೆದ ಚಳಿಗಾಲದಲ್ಲಿ ಮಟನ್ ಕಿಲೋಗೆ 750ರ ಹತ್ತಿರ ಇತ್ತು. ಒಂದು ಊಟಕ್ಕೆ ಎಲುಬು ಸಮೇತ 150 ಗ್ರಾಂ ಹಸಿ ಮಟನ್, ಅಂದರೆ 115 ರೂಪಾಯಿ ಆಸುಪಾಸು. ರೊಟ್ಟಿ ಎರಡು, ತಲಾ 8ರಂತೆ 16. ಮಸಾಲೆ, ಎಣ್ಣೆ 15. ಪಲ್ಲೆ, ಹಿಂಡಿ ಸೇರಿ 12. ಡಬ್ಬಿ, ಗ್ಯಾಸ್ ಎಂದು ಇನ್ನೊಂದು 20, 22. ಒಟ್ಟು 180. ಮಾರುವುದು 230ಕ್ಕೆ. ನನ್ನ ಕೂಲಿ ಇದರಲ್ಲಿ ಹಿಡಿದಿಲ್ಲ. ಮಟನ್ನಿನಲ್ಲಿ ದುಡ್ಡು ಉಳಿಯುವುದು ಅಷ್ಟರಲ್ಲೇ ಇದೆ. ಹೆಚ್ಚಿನ ಪಲ್ಲೆ ಪಾಲನ್ನು 30ಕ್ಕೆ ಕೊಡುತ್ತೇನೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೈಗೆ ಉಳಿಯುತ್ತದೆ. ಸೊಪ್ಪು ದುಡ್ಡು ತರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ನಂಬಿರಲಿಲ್ಲ. ಚರಬಿ ಮೊದಲು ಪುಕ್ಕಟೆ ಸಿಗುತ್ತಿತ್ತು. ನಾನು ಪ್ರತಿ ವಾರ ಕೇಳುವುದನ್ನು ನೋಡಿ ಈಗ ಅದಕ್ಕೂ 40 ರೂಪಾಯಿ ಹಾಕುತ್ತಾನೆ ಪುಣ್ಯಾತ್ಮ.

ಖಾನಾವಳಿ ಕಾಕಾಗೆ ಒಂದು ಡಬ್ಬಿ ಕಳಿಸಿದ್ದೆ, ಬೇಕೆಂದೇ ಎರಡು ತಾಸು ತಣ್ಣಗಾಗಲು ಬಿಟ್ಟು. ಅವರು ಫೋನ್ ಮಾಡಿ ಹೊಗಳಲಿಲ್ಲ. "ಹಿಂಡ್ಯಾಗ ಏನ್ ಹಾಕೀ?" ಎಂದಷ್ಟೇ ಕೇಳಿದರು. ನನಗೆ ಅಷ್ಟು ಸಾಕಾಯಿತು. ಅತ್ತೆ ಈಗಲೂ ಮಟನ್ ದಿನ ಬೇರೆ ತಾಟಿನಲ್ಲೇ ಪಲ್ಲೆ ಹಾಕಿಸಿಕೊಳ್ಳುತ್ತಾರೆ, ಆದರೆ ಕೊಬ್ಬಿನ ಹಿಂಡಿಯನ್ನು ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಾರೆ.

ಮಾಡಿ ನೋಡುವವರಿಗೆ ಎರಡು ಮಾತು. ಕೊಬ್ಬು ಸೇರಿಸಿದ ಹಿಂಡಿ ಎರಡು ದಿನಕ್ಕಿಂತ ಹೊರಗೆ ಇಡಬೇಡಿ, ಕಮಟು ವಾಸನೆ ಬರುತ್ತದೆ. ಬರೀ ಹಿಂಡಿ ಮಾಡಿಟ್ಟುಕೊಂಡು ಬೇಕಾದಾಗ ಕೊಬ್ಬು ಕುಡಿಸಿ. ಪಾರ್ಸಲ್‌ನಲ್ಲಿ ಪಲ್ಲೆ ಮತ್ತು ಹಿಂಡಿ ಬೇರೆ ಬೇರೆ ಪೊಟ್ಟಣ, ಎಲೆಯ ಡಬ್ಬಿಯನ್ನು ಮಟನ್ ಡಬ್ಬಿ ಮೇಲೆ ಇಡಬೇಡಿ. ಬೇಸಿಗೆಗೆ ಹತ್ತರಕಿ ಸಿಗುವುದಿಲ್ಲ, ಆಗ ಬರೀ ಮೆಂತೆ. ಅದೂ ಕಟ್ಟಿಗೆ 25, 30 ಆದರೆ ಪಲ್ಲೆ ಪಾಲು ಬಂದ್ ಮಾಡುತ್ತೇನೆ. ಶ್ರಾವಣದಲ್ಲಂತೂ ಒಲೆಯೇ ಬಂದ್. ಈ ಸಲ ಟೆರೇಸಿನ ಟಬ್ಬಿನಲ್ಲಿ ಹತ್ತರಕಿ ಬೀಜ ಚೆಲ್ಲಿದ್ದೇನೆ. ಅರ್ಧದಷ್ಟು ಮೊಳೆತಿದೆ, ಎಲೆ ಸಣ್ಣದು, ಕಹಿ ಸಾಲದು. ಹೊಲದ ಎರೆಮಣ್ಣು ಒಂದು ಚೀಲ ತರಿಸುತ್ತಿದ್ದೇನೆ, ಬಾಡಿಗೆ ಸೇರಿ 200 ಅಂತೆ.