ಎಣಿಕೆ ಪಟ್ಟಿಯನ್ನು ಒಂದೊಂದೇ ಸಾಲಾಗಿ ಬಿಡಿಸುವುದು

ರಾಯಚೂರಿನಲ್ಲಿ ನನ್ನ ಹತ್ತಿರ ಪ್ರಾಜೆಕ್ಟ್ ಕೆಲಸಕ್ಕೆ ಬರುವ ಹುಡುಗರ ಡೇಟಾ ಹೆಚ್ಚಾಗಿ ಹೀಗಿರುತ್ತದೆ: ಸಿಂಧನೂರು, ಭತ್ತ, 14. ದೇವದುರ್ಗ, ಹತ್ತಿ, 9. ಲಿಂಗಸುಗೂರು, ತೊಗರಿ, 0. ಅಂದರೆ 14 ಜನ ಭತ್ತದ ರೈತರು ಒಂದೇ ಸಾಲಿನಲ್ಲಿ ಕೂತಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಸಾಲು ಬೇಕಾದರೆ ಸುಮ್ನೆ ಕಾಪಿ-ಪೇಸ್ಟ್ ಮಾಡುತ್ತಾ ಕೂರಬೇಡಿ.

ಡೇಟಾ ಲೆಕ್ಕಕ್ಕೆ ಬಳಸುವ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬೇರೆಯಾಗಿ ಹಾಕಿಕೊಳ್ಳುವ ಟೈಡಿಆರ್ (tidyr) ಪ್ಯಾಕೇಜಿನಲ್ಲಿ ಅನ್‌ಕೌಂಟ್ (uncount) ಅಂತ ಫಂಕ್ಷನ್ ಇದೆ. ಮೊದಲು ಟೇಬಲ್ ಹೆಸರು, ಆಮೇಲೆ ಎಣಿಕೆ ಕಾಲಂ ಹೆಸರು ಕೊಡಿ. 23 ಸಾಲು ಬರುತ್ತವೆ. ಎಣಿಕೆ ಕಾಲಂ ತಾನಾಗೇ ಹೋಗುತ್ತದೆ. ಹೋಗಲಿ ಬಿಡಿ, ಉಳಿದರೆ ಯಾರಾದರೂ ಅದನ್ನು ಮತ್ತೆ ಕೂಡುತ್ತಾರೆ.

ಪ್ಯಾಕೇಜ್ ಹಾಕಲು ನೆಟ್ ಇಲ್ವಾ? ಆರ್‌ನಲ್ಲೇ ಇರುವ, ಕೊಟ್ಟದ್ದನ್ನು ಬೇಕಾದಷ್ಟು ಸಲ ನಕಲು ಮಾಡುವ ರೆಪ್ (rep) ಫಂಕ್ಷನ್ ಸಾಕು. 1, 2, 3 ಎಂಬ ಸಾಲಿನ ನಂಬರುಗಳನ್ನು ಅದಕ್ಕೆ ಕೊಟ್ಟು, ಎಷ್ಟು ಸಲ ಎಂದು ಹೇಳುವ ಟೈಮ್ಸ್ (times) ಜಾಗದಲ್ಲಿ ಎಣಿಕೆ ಕಾಲಂ ಇಡಿ. ಬಂದದ್ದನ್ನು ಟೇಬಲ್ಲಿನ ಚೌಕ ಬ್ರಾಕೆಟ್ಟಿನೊಳಗೆ ಹಾಕಿ, ಅದರ ನಂತರ ಒಂದು ಕಾಮಾ. ಈ ಕಾಮಾ ಬಿಟ್ಟರೆ ಸಾಲಿನ ಬದಲು ಕಾಲಂಗಳು ನಕಲಾಗುತ್ತವೆ! ಸಾಲುಗಳಿಗೆ 1.1, 1.2 ಅಂತ ವಿಚಿತ್ರ ಹೆಸರು ಬರುತ್ತದೆ, ಅಳಿಸಿಬಿಡಿ.

ಜಾಸ್ತಿ ಎಚ್ಚರ ಬೇಕಾದ್ದು ಸೊನ್ನೆಯ ಕಡೆಗೆ. ಲಿಂಗಸುಗೂರಿನ ಸಾಲು ಪೂರ್ತಿ ಮಾಯವಾಗುತ್ತದೆ. ಆಮೇಲೆ ಎಣಿಸಿದರೆ ಆ ತಾಲ್ಲೂಕೇ ಕಾಣುವುದಿಲ್ಲ. ಬಿಡಿಸುವ ಮೊದಲೇ ತಾಲ್ಲೂಕು, ಬೆಳೆ ಎರಡನ್ನೂ ಫ್ಯಾಕ್ಟರ್ (factor, ಅಂದರೆ ಇರಬಹುದಾದ ಎಲ್ಲ ಹೆಸರುಗಳನ್ನು ನೆನಪಿಡುವ ಕಾಲಂ) ಮಾಡಿಟ್ಟರೆ, ಎಣಿಸಿ ಕೊಡುವ ಟೇಬಲ್ (table) ಫಂಕ್ಷನ್ನಿನಲ್ಲಿ ಅದು ಸೊನ್ನೆಯಾಗಿಯೇ ಬರುತ್ತದೆ. ಎಣಿಕೆ ಖಾಲಿ ಇದ್ದರೆ ರೆಪ್ ಎರರ್ ಕೊಡುತ್ತದೆ. ಅಲ್ಲಿ ಸೊನ್ನೆ ತುಂಬುವ ಮೊದಲು ಸರ್ವೆ ಮಾಡಿದವರನ್ನು ಒಮ್ಮೆ ಕೇಳಿ.