ಎಲೆಯಡಿಯ ಪುಡಿಯಿಂದ ಮರಜರಿ ಬೆಳೆಸಿದ್ದು

ಮಡಿಕೇರಿ ಕಡೆಯ ನಮ್ಮ ತೋಟದಲ್ಲಿ ಅಪ್ಪ ಒಮ್ಮೆ ಜರೀಗಿಡದ ಎಲೆ ತಿರುಗಿಸಿ ನೋಡಿ, "ಇದಕ್ಕೂ ತುಕ್ಕುರೋಗ ಬಂದಿದೆಯಲ್ಲಾ, ಬೋರ್ಡೋ ಔಷಧಿ ಹೊಡೀಬೇಕಾ?" ಅಂತ ಕೇಳಿದ್ದರು. ಅರೇಬಿಕಾ ಕಾಫಿ ಬೆಳೆಯುವವರಿಗೆ ಎಲೆಯಡಿ ಚುಕ್ಕಿ ಕಂಡರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅಳತೆ ಹಿಡಿದು ಇಟ್ಟ ಹಾಗೆ ಸಾಲಾಗಿರುವ ಈ ಚುಕ್ಕಿಗಳು ರೋಗ ಅಲ್ಲ. ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಹೊಸ ಗಿಡಕ್ಕೆ ಮೂಲವಾದ ಧೂಳಿನಂಥ ಬೀಜಕಗಳು (ಸ್ಪೋರ್) ತುಂಬಿಕೊಂಡಿರುವುದು ಆ ಚುಕ್ಕಿಗಳಲ್ಲೇ.

ಜರೀಗಿಡಗಳನ್ನು ಗುರುತಿಸಿ, ಒತ್ತಿ ಒಣಗಿಸಿ, ಹೆಸರು ಬರೆದಿಡುವುದು ನನ್ನ ಕೆಲಸ. ಮಳೆಗಾಲದಲ್ಲಿ ಹಳೇ ಪೇಪರ್ ಬದಲಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಎರಡು ದಿನ ಮರೆತರೆ ಎಲೆಗೆ ಬೂಷ್ಟು. ಜಡಿಮಳೆಯ ಕಕ್ಕಡ ತಿಂಗಳಲ್ಲಂತೂ ಒಲೆಯ ಮೇಲಿನ ಅಟ್ಟವೇ ಗತಿ. ಹೆಸರು ಹುಡುಕಲು ಇವತ್ತಿಗೂ ಬೆಡೋಮ್ ಅವರ 1883ರ ಜರೀಗಿಡಗಳ ಕೈಪಿಡಿ ತೆಗೆಯುತ್ತೇನೆ. ಸೈನ್ಯದಿಂದ ಅರಣ್ಯ ಇಲಾಖೆಗೆ ಬಂದವರು ಅವರು. ಎಲೆಯ ನರ ನರವನ್ನೂ ಬಿಡಿಸಿದ ಆ ಚಿತ್ರಗಳ ಮುಂದೆ ನನಗೆ ಈಗಲೂ ಗೌರವ ಉಕ್ಕುತ್ತದೆ.

2018ರ ಆಗಸ್ಟ್ ಮಳೆಯಲ್ಲಿ ಗುಡ್ಡದ ಬರೆ ಕುಸಿದು, ನಮ್ಮ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿದ್ದ ಮರಜರಿಗಳು ಮಣ್ಣಿನ ಜೊತೆ ಹೋದವು. ತೆಂಗಿನ ಹಾಗೆ ಒಂದೇ ಕಾಂಡ, ತಲೆಯ ಮೇಲೆ ಕೊಡೆಯಂಥ ಎಲೆಗಳು. ಸಯಾಥಿಯಾ ಅನ್ನುವ ಕುಲ. ಮೇಲ್ಗಡೆ ಒಂದು ಮಾತ್ರ ಉಳಿದಿತ್ತು. ಕಾಡಿನಿಂದ ಕಿತ್ತು ತರಬಹುದಲ್ವಾ ಅಂತ ಕೆಲವರು ಹೇಳಿದರು. ಅದು ತಪ್ಪು. ಸಯಾಥಿಯಾ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ನಿಯಂತ್ರಣ ಇದೆ. ಅಷ್ಟೇ ಅಲ್ಲ, ದೊಡ್ಡ ಗಿಡ ಕಿತ್ತರೆ ಬದುಕುವುದೂ ಕಷ್ಟ. ಉಳಿದ ಆ ಒಂದರ ಬೀಜಕದಿಂದಲೇ ಬೆಳೆಸೋಣ ಅಂದುಕೊಂಡೆ.

ಚುಕ್ಕಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಎಲೆಯ ಒಂದು ತುಂಡು ಕತ್ತರಿಸಿ ಬಿಳಿ ಹಾಳೆಯ ಮೇಲೆ ಬೋರಲು ಹಾಕಿದೆ. ಭೂತಗನ್ನಡಿ ಹಿಡಿದು ಕೂತರೆ ಕಣ್ಣು ಕೀಳಲಾಗುವುದಿಲ್ಲ. ಬೀಜಕದ ಪುಟ್ಟ ಚೀಲಕ್ಕೆ ಒಂದು ಕಡೆ ದಪ್ಪ ಗೋಡೆಯ ಕೋಶಗಳ ಪಟ್ಟಿ ಇದೆ. ಒಣಗುತ್ತಾ ಅದು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ, ಆಮೇಲೆ ಫಟ್ ಅಂತ ಮುಂದಕ್ಕೆ ಬೀಸುತ್ತದೆ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಬೆಳಗ್ಗೆ ಎಲೆ ಎತ್ತಿದರೆ ಹಾಳೆಯ ಮೇಲೆ ಎಲೆಯದೇ ಆಕಾರದ ಪುಡಿ. ಹಾಳೆಯನ್ನು ಸ್ವಲ್ಪ ಓರೆ ಮಾಡಿ ಬೆರಳಿನಿಂದ ತಟ್ಟಿದರೆ ಜೊಳ್ಳು ಜಾರಿಹೋಗುತ್ತದೆ, ಬೀಜಕ ಹಾಳೆಗೆ ಅಂಟಿ ಉಳಿಯುತ್ತದೆ. ಮೊರದಲ್ಲಿ ಕೇರಿದಷ್ಟೇ ಜೋಪಾನ ಬೇಕು.

ಮೊದಲ ಸಲ ಎಲೆಗೊಬ್ಬರ, ಮರಳು ಬೆರೆಸಿ ಹಾಗೇ ಬಿತ್ತಿದೆ. ಪಾಚಿ ಬಂತು, ಬೂಷ್ಟು ಬಂತು. ಕೊನೆಗೆ ಎದ್ದದ್ದು ಬೇರೆಯೇ ಜರೀಗಿಡ. ಮಕ್ಕಳು ಎಲೆಯನ್ನು ಕೈಮೇಲೆ ಒತ್ತಿ ಬಿಳಿ ಅಚ್ಚು ಮೂಡಿಸುತ್ತಾರಲ್ಲ, ಅದು. ಅಮೆರಿಕದ ಬಿಸಿ ನಾಡಿನಿಂದ ಬಂದ ಆ ಗಿಡದ ಬೀಜಕ ಮಣ್ಣಿನಲ್ಲಿ ಮೊದಲೇ ಇತ್ತು. ಎರಡನೇ ಸಲ ಮಣ್ಣಿಗೆ ಕುದಿಯುವ ನೀರು ಸುರಿದು, ಆರಿಸಿ, ಅಡಿಯಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿದೆ. ಬೀಜಕವನ್ನು ತೀರಾ ತೆಳ್ಳಗೆ ಉದುರಿಸಿದೆ. ಮೇಲೆ ಮಣ್ಣು ಮುಚ್ಚಲಿಲ್ಲ, ಯಾಕೆಂದರೆ ಮೊಳೆಯಲು ಬೆಳಕು ಬೇಕು. ಪಾರದರ್ಶಕ ಮುಚ್ಚಳ ಹಾಕಿ, ಬಿಸಿಲು ಬೀಳದ ಉತ್ತರದ ಕಿಟಕಿಯಲ್ಲಿಟ್ಟೆ. ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟು ಅಡಿಯಿಂದಲೇ ತೇವ ಕೊಟ್ಟೆ.

ಕೆಲವು ವಾರಕ್ಕೆ ಹಸಿರು ಪೊರೆ ಕಂಡಿತು. ಮೂರು ತಿಂಗಳಿಗೆ ಉಗುರಿಗಿಂತ ಚಿಕ್ಕ ಹೃದಯದಾಕಾರದ ಬಿಲ್ಲೆಗಳು. ಪ್ರೋಥ್ಯಾಲಸ್ ಅಂದರೆ ಇದೇ. ಇದು ಮರಜರಿಯ ಮರಿಯಲ್ಲ, ನಡುವೆ ಬರುವ ಇನ್ನೊಂದು ಪೀಳಿಗೆ. ಹೀಗೆ ಎರಡು ಪೀಳಿಗೆ ಸರದಿಯಲ್ಲಿ ಬರುತ್ತವೆ ಅಂತ 1851ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಹೋಫ್‌ಮೈಸ್ಟರ್ ತೋರಿಸಿಕೊಟ್ಟರು. ಕಾಡಿನಲ್ಲಿ ಇದನ್ನು ತುಳಿದುಕೊಂಡೇ ಓಡಾಡುತ್ತೇವೆ.

ಅಲ್ಲಿಗೆ ನಿಂತುಬಿಟ್ಟಿತು. ಒಂದು ತಿಂಗಳು ಕಾದೆ, ಎರಡು ತಿಂಗಳು ಕಾದೆ, ಎಲೆ ಇಲ್ಲ. ಒಂದು ಬಿಲ್ಲೆ ಮಗುಚಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಹೊಳೆಯಿತು. ಗಂಡು, ಹೆಣ್ಣು ಅಂಗಗಳು ಅಡಿಭಾಗದಲ್ಲಿ ಬಲಿತಿದ್ದವು. ಆದರೆ ಗಂಡುಕಣ ಹೆಣ್ಣಿನ ಹತ್ತಿರ ಈಜಿಕೊಂಡೇ ಹೋಗಬೇಕು. ಅಡಿಯಿಂದ ತೇವ ಕೊಟ್ಟ ನಾನು ಈಜಲು ನೀರೇ ಬಿಟ್ಟಿರಲಿಲ್ಲ! ಎಷ್ಟು ಸಲ ಪಾಠ ಹೇಳಿದ ವಿಷಯ, ನನ್ನ ಡಬ್ಬಿಯಲ್ಲೇ ಮರೆತಿದ್ದೆ. ಅವತ್ತಿನಿಂದ ಕುದಿಸಿ ಆರಿಸಿದ ನೀರನ್ನು ಎರಡು ದಿನಕ್ಕೊಮ್ಮೆ ಮೇಲಿನಿಂದ ಮಂಜಿನ ಹಾಗೆ ಸಿಂಪಡಿಸಿದೆ. ಐದನೇ ವಾರ ಒಂದು ಬಿಲ್ಲೆಯ ಸೀಳಿನ ಹತ್ತಿರದಿಂದ ಸುರುಳಿ ಬಿಚ್ಚಿಕೊಂಡು ಅಕ್ಕಿಕಾಳಿನಷ್ಟು ಎಲೆ ಎದ್ದಿತು. ಅಪ್ಪನನ್ನು ಕೂಗಿ ಕರೆದೆ.

ಮುಂದಿನದು ಕಾಫಿ ಸಸಿ ನೋಡಿಕೊಂಡ ಹಾಗೇ. ಮುಚ್ಚಳವನ್ನು ದಿನಾ ಸ್ವಲ್ಪ ಸ್ವಲ್ಪ ತೆರೆದು ಗಾಳಿಗೆ ಒಗ್ಗಿಸಿ, ನೆರಳುಬಲೆಯಡಿ ಬ್ಯಾಗಿಗೆ ಬದಲಿಸಿದೆ. ಅವಸರ ಮಾಡಿ ಬೇಗ ತೆರೆದ ಒಂದು ಡಬ್ಬಿ ಪೂರ್ತಿ ಒಣಗಿತು. ಉಳಿದವುಗಳಲ್ಲಿ ಏಳು ಗಿಡ ಮೊಣಕಾಲೆತ್ತರ ಬಂದವು. ಏಳನ್ನೂ ತೋಡಿನ ಬದಿಯಲ್ಲಿ, ಬರೆ ಗಟ್ಟಿಯಾದ ಕಡೆ ನೆಟ್ಟೆವು. ಕಾಂಡ ಏಳಲು ಇನ್ನೂ ವರ್ಷಗಳು ಬೇಕು. ಮೊದಲ ಬೇಸಿಗೆಯಲ್ಲಿ ತೋಡು ಬತ್ತಿತು. ಕಾಫಿ ಅರಳಿಸುವ ಹೂಮಳೆ ಬೀಳುವವರೆಗೆ ಅಪ್ಪ ಬೆಳಗ್ಗೆ, ನಾನು ಸಂಜೆ, ಕೊಡದಲ್ಲಿ ನೀರು ಹೊತ್ತು ಹಾಕಿದೆವು.