ಎಷ್ಟು ಸಲ ಒಪ್ಪಿದರೂ ಮತ್ತೆ ಕೇಳುವ ಲೈಸೆನ್ಸ್ ಬಾಕ್ಸ್

ನನ್ನ ಹತ್ತಿರ ವಿಂಡೋಸ್ ಎಕ್ಸ್‌ಪಿ ಕಾಲದ ಒಂದು ಡ್ರಾಯಿಂಗ್ ಸಾಫ್ಟ್‌ವೇರ್ ಇದೆ. ಸಿಡಿ, ಸೀರಿಯಲ್ ನಂಬರ್, ಬಿಲ್ಲು ಎಲ್ಲ ಜೋಪಾನವಾಗಿ ಇಟ್ಟಿದ್ದೇನೆ. ಅದರಲ್ಲಿ ಮಾಡಿದ ಫೈಲುಗಳು ಬೇರೆ ಯಾವುದರಲ್ಲೂ ನೆಟ್ಟಗೆ ತೆರೆಯುವುದಿಲ್ಲ, ಹಾಗಾಗಿ ಬಿಡುವ ಹಾಗೂ ಇಲ್ಲ. ವಿಂಡೋಸ್ 11 ಇರುವ ಕಂಪ್ಯೂಟರ್‌ಗೆ ಅದನ್ನು ಹಾಕಿದೆ. ಇನ್‌ಸ್ಟಾಲ್ ಸಲೀಸಾಗಿಯೇ ಆಯಿತು. ಆದರೆ ತೆರೆದಾಗಲೆಲ್ಲ ಲೈಸೆನ್ಸ್ ಒಪ್ಪಂದದ ಬಾಕ್ಸ್ ಎದುರಿಗೆ ಬರುತ್ತಿತ್ತು. 'ಒಪ್ಪುತ್ತೇನೆ' ಒತ್ತಿದರೆ ಕೆಲಸ ಶುರು. ಮುಚ್ಚಿ ಮತ್ತೆ ತೆರೆದರೆ ಪುನಃ ಅದೇ ಬಾಕ್ಸ್, ಅದೇ ಪ್ರಶ್ನೆ.

ಇದನ್ನು ಲೈಸೆನ್ಸ್ ತೊಂದರೆ ಅಂದುಕೊಂಡು ಹೊಸ ಸೀರಿಯಲ್ ನಂಬರ್ ಹುಡುಕಲು ಹೊರಡುವವರು ಜಾಸ್ತಿ. ಅದು ಬೇಕಾಗಿಲ್ಲ. ಲೈಸೆನ್ಸ್ ಸರಿ ಇಲ್ಲದಿದ್ದರೆ ಪ್ರೋಗ್ರಾಂ ಒಳಗೇ ಬಿಡುತ್ತಿರಲಿಲ್ಲ, ಅಲ್ವಾ? ನಾವು ಒಪ್ಪಿದ್ದನ್ನು ಅದು ಎಲ್ಲೋ ಬರೆದಿಡಬೇಕು. ಬರೆಯಲು ಆಗುತ್ತಿಲ್ಲ, ಅಥವಾ ಬರೆದದ್ದನ್ನು ಮುಂದಿನ ಸಲ ಓದಲು ಆಗುತ್ತಿಲ್ಲ. ಹಳೇ ಪ್ರೋಗ್ರಾಂಗಳು ಬರೆಯಲು ಆಗದಿದ್ದರೆ ಬಾಯಿ ಬಿಟ್ಟು ಹೇಳುವುದೂ ಇಲ್ಲ. ಸುಮ್ನೆ ಮುಂದಕ್ಕೆ ಹೋಗುತ್ತವೆ.

ಕಾರಣ ಹಳೆಯದು. ಎಕ್ಸ್‌ಪಿ ಬಂದದ್ದು 2001ರಲ್ಲಿ. ಆಗ ಮನೆಯ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವರು ಅಡ್ಮಿನಿಸ್ಟ್ರೇಟರ್ ಆಗಿಯೇ ಲಾಗಿನ್ ಆಗುತ್ತಿದ್ದರು. ಪ್ರೋಗ್ರಾಂ ಬರೆಯುವವರೂ ಹಾಗೆಯೇ. ಹಾಗಾಗಿ ತಮ್ಮ ಸೆಟ್ಟಿಂಗ್‌ಗಳನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲೋ ರಿಜಿಸ್ಟ್ರಿಯ (ವಿಂಡೋಸ್ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್‌ಗಳ ಉಗ್ರಾಣ) ಲೋಕಲ್ ಮಷೀನ್ ಭಾಗದಲ್ಲೋ, ಅಂದರೆ ಇಡೀ ಕಂಪ್ಯೂಟರ್‌ಗೆ ಸೇರಿದ ಭಾಗದಲ್ಲೋ, ಬರೆದುಬಿಡುತ್ತಿದ್ದರು. ಯಾರೂ ತಡೆಯುತ್ತಿರಲಿಲ್ಲ. 2007ರಲ್ಲಿ ಎಲ್ಲರ ಕೈಗೆ ಬಂದ ವಿಂಡೋಸ್ ವಿಸ್ಟಾ ಇದನ್ನು ಬದಲಿಸಿತು. ಯೂಸರ್ ಅಕೌಂಟ್ ಕಂಟ್ರೋಲ್, ಅಂದರೆ ಯುಎಸಿ, ಬಂತು. ನೀವು ಅಡ್ಮಿನ್ ಆಗಿದ್ದರೂ ಪ್ರೋಗ್ರಾಂಗಳು ಸಾಮಾನ್ಯ ಬಳಕೆದಾರರ ಹಕ್ಕಿನಲ್ಲೇ ನಡೆಯತೊಡಗಿದವು. ಲೋಕಲ್ ಮಷೀನ್ ಭಾಗವನ್ನು ಓದಬಹುದು, ಬರೆಯುವಂತಿಲ್ಲ.

ಹಳೇ ಪ್ರೋಗ್ರಾಂಗಳು ಪೂರ್ತಿ ಕೈಕೊಡಬಾರದು ಅಂತ ವಿಂಡೋಸ್ ಒಂದು ಉಪಾಯವನ್ನೂ ಇಟ್ಟಿದೆ. ಅದರ ಹೆಸರು ವರ್ಚುವಲೈಸೇಶನ್. ಹಳೇ 32 ಬಿಟ್ ಪ್ರೋಗ್ರಾಂ ಬರೆಯಬಾರದ ಜಾಗಕ್ಕೆ ಬರೆಯಲು ಹೋದರೆ, ಅದನ್ನು ಗುಟ್ಟಾಗಿ ನಮ್ಮ ಅಕೌಂಟ್‌ನ ವರ್ಚುವಲ್‌ಸ್ಟೋರ್ ಅನ್ನುವ ಜಾಗಕ್ಕೆ ತಿರುಗಿಸುತ್ತದೆ. ಓದುವಾಗಲೂ ಅಲ್ಲಿಂದಲೇ ಮೊದಲು ಓದಿಸುತ್ತದೆ. ಪ್ರೋಗ್ರಾಂಗೆ ಇದೆಲ್ಲ ಗೊತ್ತೇ ಆಗುವುದಿಲ್ಲ. ಬಹಳಷ್ಟು ಹಳೇ ಸಾಫ್ಟ್‌ವೇರ್ ಇವತ್ತಿಗೂ ನಡೆಯುತ್ತಿರುವುದು ಇದರ ಪುಣ್ಯದಿಂದಲೇ.

ಹಾಗಾದರೆ ನನ್ನದಕ್ಕೆ ಯಾಕೆ ನಡೆಯಲಿಲ್ಲ? ಟಾಸ್ಕ್ ಮ್ಯಾನೇಜರ್ ತೆರೆದು ಡಿಟೇಲ್ಸ್ ಟ್ಯಾಬ್‌ಗೆ ಹೋದೆ. ಕಾಲಂಗಳ ತಲೆಯ ಮೇಲೆ ರೈಟ್‌ಕ್ಲಿಕ್ ಮಾಡಿ, 'ಸೆಲೆಕ್ಟ್ ಕಾಲಮ್ಸ್'ನಲ್ಲಿ 'ಯುಎಸಿ ವರ್ಚುವಲೈಸೇಶನ್' ಅನ್ನುವುದಕ್ಕೆ ಟಿಕ್ ಹಾಕಿದೆ. ನನ್ನ ಪ್ರೋಗ್ರಾಂ ಎದುರು 'ಡಿಸೇಬಲ್ಡ್' ಅಂತ ಇತ್ತು. ಅದರ ಕೊನೆಯ ಪ್ಯಾಚ್‌ನಲ್ಲಿ ಮ್ಯಾನಿಫೆಸ್ಟ್ ಸೇರಿಸಿದ್ದರು. ಅಂದರೆ 'ನಾನು ಹೊಸ ವಿಂಡೋಸ್‌ಗೆ ತಕ್ಕವನು, ನನಗೆ ಈ ಸಹಾಯ ಬೇಡ' ಅಂತ ಪ್ರೋಗ್ರಾಂ ತಾನೇ ಹೇಳಿಕೊಂಡಿತ್ತು. ಒಳಗಿನ ಕೋಡ್ ಮಾತ್ರ ಹಳೇ ಚಾಳಿಯನ್ನು ಬಿಟ್ಟಿರಲಿಲ್ಲ.

ಇಂಥ ತೊಂದರೆಗೆ ಎಲ್ಲರೂ ಹೇಳುವ ಮದ್ದು ಒಂದಿದೆ. ಐಕಾನ್ ಮೇಲೆ ರೈಟ್‌ಕ್ಲಿಕ್ ಮಾಡಿ, ಒಂದೇ ಒಂದು ಸಲ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು, ಲೈಸೆನ್ಸ್ ಒಪ್ಪಿ, ಮುಚ್ಚಿಬಿಡಿ. ಆಮೇಲೆ ಮಾಮೂಲಿಯಾಗಿ ತೆರೆಯಿರಿ. ನೀವೂ ಮೊದಲು ಇದನ್ನೇ ಮಾಡಿ ನೋಡಿ. ಆದರೆ ಒಂದು ವಿಷಯ ನೆನಪಿರಲಿ. ನಿಮ್ಮ ಅಕೌಂಟ್ ಸಾಮಾನ್ಯದ್ದಾಗಿದ್ದು, ಬೇರೆಯವರ ಅಡ್ಮಿನ್ ಪಾಸ್‌ವರ್ಡ್ ಹಾಕಿ ತೆರೆದರೆ, ಆಗ ಪ್ರೋಗ್ರಾಂ ನಡೆಯುವುದು ಆ ಅಡ್ಮಿನ್ ಹೆಸರಿನಲ್ಲಿ. ಅದು ರಿಜಿಸ್ಟ್ರಿಯ ಕರೆಂಟ್ ಯೂಸರ್ ಭಾಗದಲ್ಲಿ, ಅಂದರೆ ಒಬ್ಬೊಬ್ಬ ಬಳಕೆದಾರರಿಗೂ ಬೇರೆಯಾಗಿರುವ ಭಾಗದಲ್ಲಿ, ಬರೆದದ್ದೆಲ್ಲ ಅವರ ಖಾತೆಗೇ ಹೋಗುತ್ತದೆ, ನಿಮ್ಮದಕ್ಕಲ್ಲ.

ನನಗೆ ಈ ಮದ್ದು ನಾಟಲಿಲ್ಲ. ಅಡ್ಮಿನ್ ಆಗಿ ಎರಡನೇ ಸಲ ತೆರೆದಾಗ ಬಾಕ್ಸ್ ಬರಲಿಲ್ಲ. ಮಾಮೂಲಿಯಾಗಿ ತೆರೆದರೆ ಮತ್ತೆ ಹಾಜರ್. ಅಂದರೆ ಒಪ್ಪಿಗೆ ಎಲ್ಲೋ ಬರೆದಾಗಿದೆ, ಓದುವುದಕ್ಕೇ ಆಗುತ್ತಿಲ್ಲ. ಸಾಮಾನ್ಯ ಬಳಕೆದಾರ ಓದಬಹುದಾದ ಜಾಗದಲ್ಲಿ ಓದಲು ಏನು ಅಡ್ಡಿ?

ಇಲ್ಲಿಂದ ಮುಂದೆ ಊಹೆಯಿಂದ ಕೆಲಸ ಆಗುವುದಿಲ್ಲ, ಕಣ್ಣಿಂದ ನೋಡಬೇಕು. ಅದಕ್ಕೆ ಪ್ರೋಸೆಸ್ ಮಾನಿಟರ್ ಅನ್ನುವ ಉಚಿತ ಸಾಧನ ಇದೆ. ಸಿಸ್‌ಇಂಟರ್ನಲ್ಸ್ ಗುಂಪಿನದ್ದು. ಮೈಕ್ರೋಸಾಫ್ಟ್ 2006ರಲ್ಲಿ ಆ ಗುಂಪನ್ನು ಕೊಂಡುಕೊಂಡಿತು, ಈಗ ಸಾಧನ ಅವರ ಸೈಟ್‌ನಲ್ಲೇ ಸಿಗುತ್ತದೆ. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಿತು, ಯಾವ ರಿಜಿಸ್ಟ್ರಿ ಕೀ (ರಿಜಿಸ್ಟ್ರಿಯೊಳಗಿನ ಫೋಲ್ಡರ್ ಅನ್ನಬಹುದು) ತೆರೆಯಿತು, ಏನು ಉತ್ತರ ಸಿಕ್ಕಿತು ಅನ್ನುವುದನ್ನೆಲ್ಲ ಸಾಲು ಸಾಲಾಗಿ ತೋರಿಸುತ್ತದೆ. ಸುಮ್ನೆ ಬಿಟ್ಟರೆ ಕ್ಷಣಾರ್ಧದಲ್ಲಿ ಸಾವಿರಗಟ್ಟಲೆ ಸಾಲು ಬೀಳುತ್ತವೆ, ಗಾಬರಿ ಬೇಡ. ಕಂಟ್ರೋಲ್ ಎಲ್ ಒತ್ತಿ ಫಿಲ್ಟರ್ ತೆರೆಯಿರಿ. 'ಪ್ರೋಸೆಸ್ ನೇಮ್' ನಿಮ್ಮ ಪ್ರೋಗ್ರಾಂನದ್ದು, 'ರಿಸಲ್ಟ್' ಅನ್ನುವುದು 'ಆಕ್ಸೆಸ್ ಡಿನೈಡ್'. ಈ ಎರಡು ಸಾಕು.

ಮಾನಿಟರ್ ಅಡ್ಮಿನ್ ಆಗಿಯೇ ನಡೆಯಬೇಕು, ಆದರೆ ನಾವು ಪರೀಕ್ಷಿಸುವ ಪ್ರೋಗ್ರಾಂ ಮಾಮೂಲಿಯಾಗಿಯೇ ತೆರೆಯಬೇಕು. ಇಲ್ಲವಾದರೆ ತಪ್ಪು ಕಾಣಿಸುವುದೇ ಇಲ್ಲ. ಕಂಟ್ರೋಲ್ ಎಕ್ಸ್ ಒತ್ತಿ ಹಳೇ ಸಾಲುಗಳನ್ನು ಅಳಿಸಿದೆ. ಪ್ರೋಗ್ರಾಂ ತೆರೆದೆ. ಲೈಸೆನ್ಸ್ ಬಾಕ್ಸ್ ಬಂದ ತಕ್ಷಣ ಕಂಟ್ರೋಲ್ ಇ ಒತ್ತಿ, ಹೊಸ ಸಾಲುಗಳು ಬೀಳುವುದನ್ನು ನಿಲ್ಲಿಸಿದೆ.

ಉಳಿದದ್ದು ಬೆರಳೆಣಿಕೆಯ ಸಾಲುಗಳು. ಅದರಲ್ಲಿ ಒಂದು ಹೀಗಿತ್ತು: ಕಾರ್ಯ 'ರೆಗ್‌ಓಪನ್‌ಕೀ'. ದಾರಿ ಲೋಕಲ್ ಮಷೀನ್, ಸಾಫ್ಟ್‌ವೇರ್, ವಾವ್6432ನೋಡ್, ಅದರೊಳಗೆ ತಯಾರಕರ ಹೆಸರು, ಅದರೊಳಗೆ 'ಲೈಸೆನ್ಸ್'. ಫಲಿತಾಂಶ 'ಆಕ್ಸೆಸ್ ಡಿನೈಡ್'. ಕೊನೆಯ ಕಾಲಂನಲ್ಲಿ 'ಡಿಸೈರ್ಡ್ ಆಕ್ಸೆಸ್: ಆಲ್ ಆಕ್ಸೆಸ್'.

ಆ ಕೊನೆಯ ಎರಡು ಪದದಲ್ಲೇ ಎಲ್ಲ ಇದೆ. ಪ್ರೋಗ್ರಾಂಗೆ ಬೇಕಾಗಿದ್ದು ಒಂದು ಚಿಕ್ಕ ಮೌಲ್ಯ ಓದುವುದು ಮಾತ್ರ. ಆದರೆ ಅದು ಕೀ ತೆರೆಯುವಾಗ ಓದುವ ಹಕ್ಕನ್ನಷ್ಟೇ ಕೇಳುತ್ತಿಲ್ಲ. ಬರೆಯುವ, ಅಳಿಸುವ, ಮಾಲೀಕತ್ವ ಬದಲಿಸುವ ಹಕ್ಕುಗಳನ್ನೂ ಸೇರಿಸಿ ಕೇಳುತ್ತಿದೆ. ಪುಸ್ತಕ ಓದಲು ಬಂದವರು ಗ್ರಂಥಾಲಯದ ಬೀಗದ ಕೈಯನ್ನೇ ಕೊಡಿ ಅಂದ ಹಾಗೆ. ವಿಂಡೋಸ್ 'ಆಗಲ್ಲ' ಅಂದಿತು. ಕೀ ತೆರೆಯದಿದ್ದರೆ ಲೈಸೆನ್ಸ್ ಒಪ್ಪಿಯೇ ಇಲ್ಲ ಅಂತ ಪ್ರೋಗ್ರಾಂ ತೀರ್ಮಾನಿಸಿತು. ಆಗಿನ ಕೋಡ್‌ಗಳಲ್ಲಿ ಈ ಸೋಮಾರಿತನ ತುಂಬಾ ಸಾಮಾನ್ಯ. ಎಲ್ಲರೂ ಅಡ್ಮಿನ್ ಆಗಿದ್ದಾಗ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ದಾರಿಯಲ್ಲಿರುವ ವಾವ್6432ನೋಡ್ ಅನ್ನುವುದನ್ನೂ ಗಮನಿಸಿ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. 32 ಬಿಟ್ ಪ್ರೋಗ್ರಾಂಗಳ ಪಾಲಿನ ರಿಜಿಸ್ಟ್ರಿಯನ್ನು ಅದು ಈ ಹೆಸರಿನ ಕೆಳಗೆ ಬೇರೆಯಾಗಿ ಇಡುತ್ತದೆ. ಹಳೇ ಕೈಪಿಡಿಯಲ್ಲಿ 'ಸಾಫ್ಟ್‌ವೇರ್ ಕೆಳಗೆ ನಮ್ಮ ಹೆಸರಿನ ಕೀ ನೋಡಿ' ಅಂತ ಬರೆದಿರುತ್ತಾರೆ. ಅಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಹಳೇ ಕಂಪ್ಯೂಟರ್‌ನಿಂದ ತಂದ ರಿಜಿಸ್ಟ್ರಿ ಫೈಲನ್ನು ಡಬಲ್‌ಕ್ಲಿಕ್ ಮಾಡಿ ಸೇರಿಸಿದರೂ ಅದು 64 ಬಿಟ್ ಪಾಲಿಗೆ ಹೋಗಿ ಕೂರುತ್ತದೆ, ಪ್ರೋಗ್ರಾಂ ಅತ್ತ ತಿರುಗಿಯೂ ನೋಡುವುದಿಲ್ಲ.

ಪರಿಹಾರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾನಿಟರ್‌ನಲ್ಲಿ ಆ ಸಾಲಿನ ಮೇಲೆ ರೈಟ್‌ಕ್ಲಿಕ್ ಮಾಡಿ 'ಜಂಪ್ ಟು' ಕೊಟ್ಟರೆ ರಿಜಿಸ್ಟ್ರಿ ಎಡಿಟರ್ ನೇರ ಆ ಕೀ ಹತ್ತಿರವೇ ತೆರೆಯುತ್ತದೆ. ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಂಡೆ. ಈ ಪ್ರತಿಯಲ್ಲಿ ಮೌಲ್ಯಗಳು ಮಾತ್ರ ಇರುತ್ತವೆ, ಪರ್ಮಿಶನ್ ಇರುವುದಿಲ್ಲ. ಹಾಗಾಗಿ ಮೊದಲು ಯಾರಿಗೆ ಏನು ಹಕ್ಕಿತ್ತು ಅನ್ನುವುದನ್ನು ಬೇರೆಯಾಗಿ ಬರೆದುಕೊಳ್ಳಬೇಕು. ಆಮೇಲೆ ಕೀ ಮೇಲೆ ರೈಟ್‌ಕ್ಲಿಕ್, 'ಪರ್ಮಿಶನ್ಸ್', ನನ್ನ ಅಕೌಂಟ್ ಸೇರಿಸಿ 'ಫುಲ್ ಕಂಟ್ರೋಲ್' ಕೊಟ್ಟೆ. ಬರೀ ಬರೆಯುವ ಹಕ್ಕು ಕೊಟ್ಟರೆ ಸಾಲದು. ಪ್ರೋಗ್ರಾಂ ಕೇಳುತ್ತಿರುವುದು ಎಲ್ಲ ಹಕ್ಕನ್ನೂ, ಅದರಲ್ಲಿ ಒಂದು ಕಡಿಮೆಯಾದರೂ ಕೀ ತೆರೆಯುವುದಿಲ್ಲ.

ಹಕ್ಕು ಕೊಡುವುದು ಆ ಒಂದು ಕೀಗೆ ಮಾತ್ರ. ಮೇಲಿನ 'ಸಾಫ್ಟ್‌ವೇರ್' ಕೀಗೇ ಫುಲ್ ಕಂಟ್ರೋಲ್ ಕೊಟ್ಟು ಕೈತೊಳೆದುಕೊಳ್ಳುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಕಂಪ್ಯೂಟರ್‌ನಲ್ಲಿರುವ ಎಲ್ಲ ಪ್ರೋಗ್ರಾಂಗಳ ಸೆಟ್ಟಿಂಗನ್ನೂ ಯಾವ ಕಳ್ಳ ಪ್ರೋಗ್ರಾಂ ಬೇಕಾದರೂ ತಿದ್ದಬಹುದು.

ಒಪ್ಪಂದದ ಬಾಕ್ಸ್ ಹೋಯಿತು. ಅದರ ಜಾಗಕ್ಕೆ ಹೆಸರು ಮತ್ತು ಸೀರಿಯಲ್ ನಂಬರ್ ಕೇಳುವ ಬಾಕ್ಸ್ ಬಂತು! ಮತ್ತೆ ಮಾನಿಟರ್. ಈ ಸಲ ಸಿಕ್ಕಿದ್ದು ಪ್ರೋಗ್ರಾಂಡೇಟಾ ಫೋಲ್ಡರ್‌ನಲ್ಲಿರುವ ಒಂದು ಚಿಕ್ಕ ಫೈಲ್. ಇಲ್ಲಿನ ನಿಯಮ ಸ್ವಲ್ಪ ವಿಚಿತ್ರ. ಪ್ರೋಗ್ರಾಂಡೇಟಾದಲ್ಲಿ ಸಾಮಾನ್ಯ ಬಳಕೆದಾರರು ಹೊಸ ಫೈಲ್ ಮಾಡಬಹುದು, ಆದರೆ ಬೇರೆಯವರು ಮಾಡಿದ ಫೈಲನ್ನು ತಿದ್ದುವಂತಿಲ್ಲ. ಪ್ರೋಗ್ರಾಂ ಅಡ್ಮಿನ್ ಆಗಿ ನಡೆದಾಗ ಆ ಫೈಲ್ ಹುಟ್ಟಿತ್ತು, ಹಾಗಾಗಿ ಅದನ್ನು ತಿದ್ದುವ ಹಕ್ಕು ಅಡ್ಮಿನ್‌ಗಷ್ಟೇ ಇತ್ತು. ಅಂದರೆ 'ಒಂದು ಸಲ ಅಡ್ಮಿನ್ ಆಗಿ ತೆರೆಯಿರಿ' ಅನ್ನುವ ಜನಪ್ರಿಯ ಮದ್ದಿನದ್ದೇ ಅಡ್ಡಪರಿಣಾಮ ಇದು. ಆ ಫೈಲಿನ ಪ್ರಾಪರ್ಟೀಸ್, ಸೆಕ್ಯುರಿಟಿ ಟ್ಯಾಬ್‌ನಲ್ಲಿ ನನಗೆ 'ಮಾಡಿಫೈ' ಹಕ್ಕು ಕೊಟ್ಟೆ. ಮುಗಿಯಿತು. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ನೋಡಿದೆ, ಯಾವ ಬಾಕ್ಸೂ ಇಲ್ಲ.

ಇಷ್ಟೆಲ್ಲ ಯಾಕೆ, ಕಂಪ್ಯಾಟಿಬಿಲಿಟಿ ಟ್ಯಾಬ್‌ನಲ್ಲಿ 'ಯಾವಾಗಲೂ ಅಡ್ಮಿನ್ ಆಗಿ ನಡೆಸು' ಅಂತ ಟಿಕ್ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ, ಆದರೆ ತಾಪತ್ರಯ ಜಾಸ್ತಿ. ಲೈಸೆನ್ಸ್ ಬಾಕ್ಸ್ ಬದಲು ಪ್ರತಿ ಸಲ ಯುಎಸಿ ಬಾಕ್ಸ್ ಬರುತ್ತದೆ. ಎಕ್ಸ್‌ಪ್ಲೋರರ್‌ನಿಂದ ಫೈಲನ್ನು ಎಳೆದು ಪ್ರೋಗ್ರಾಂ ಮೇಲೆ ಬಿಟ್ಟರೆ ಅದು ತೆಗೆದುಕೊಳ್ಳುವುದಿಲ್ಲ, ಕೆಳಗಿನ ಹಕ್ಕಿನವರು ಮೇಲಿನ ಹಕ್ಕಿನವರಿಗೆ ಇಂಥದ್ದನ್ನು ಕಳಿಸದಂತೆ ವಿಂಡೋಸ್ ತಡೆಯುತ್ತದೆ. ಮ್ಯಾಪ್ ಮಾಡಿದ ನೆಟ್‌ವರ್ಕ್ ಡ್ರೈವ್‌ಗಳೂ ಸಾಮಾನ್ಯವಾಗಿ ಕಾಣುವುದಿಲ್ಲ. ಹಳೇ ಪ್ರೋಗ್ರಾಂ, ಎಲ್ಲಿಂದಲೋ ಬಂದ ಫೈಲು, ಮೇಲೆ ಅಡ್ಮಿನ್ ಹಕ್ಕು: ಈ ಮೂರು ಒಂದೇ ಕಡೆ ಸೇರುವುದು ನನಗೆ ಇಷ್ಟವಿಲ್ಲ.

ಯುಎಸಿ ಸ್ಲೈಡರ್ ಪೂರ್ತಿ ಕೆಳಗಿಳಿಸಿ ಅನ್ನುವ ಸಲಹೆ ಇನ್ನೂ ಕೆಟ್ಟದ್ದು, ಕೆಲಸಕ್ಕೂ ಬರುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಸ್ಲೈಡರ್ ಇಳಿಸಿದರೆ ಅನುಮತಿ ಕೇಳುವುದು ನಿಲ್ಲುತ್ತದೆ ಅಷ್ಟೇ. ಮಾಮೂಲಿಯಾಗಿ ತೆರೆದ ಪ್ರೋಗ್ರಾಂ ಸಾಮಾನ್ಯ ಹಕ್ಕಿನಲ್ಲೇ ನಡೆಯುತ್ತದೆ. ಲೈಸೆನ್ಸ್ ಬಾಕ್ಸ್ ಅಲ್ಲೇ ಇರುತ್ತದೆ, ಕಾವಲು ಮಾತ್ರ ಹೋಗಿರುತ್ತದೆ.

ಸಾಫ್ಟ್‌ವೇರನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ ಆ ಕೀ ಅಳಿಸಿ ಹೊಸದಾಗಿ ಹುಟ್ಟಬಹುದು, ಆಗ ಕೊಟ್ಟ ಹಕ್ಕೂ ಹೋಗುತ್ತದೆ. ಅದಕ್ಕೇ ಕೀಯ ದಾರಿ ಮತ್ತು ಫೈಲಿನ ದಾರಿ ಎರಡನ್ನೂ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು, ಇನ್‌ಸ್ಟಾಲರ್ ಇರುವ ಫೋಲ್ಡರ್‌ನಲ್ಲೇ ಇಟ್ಟಿದ್ದೇನೆ.

ಮಾನಿಟರ್‌ನಲ್ಲಿ 'ಆಕ್ಸೆಸ್ ಡಿನೈಡ್' ಒಂದೂ ಕಾಣದೆ ಬಾಕ್ಸ್ ಮಾತ್ರ ಬರುತ್ತಿದ್ದರೆ ಕಾರಣ ಬೇರೆ ಇರುತ್ತದೆ. ಕೆಲವು ಸಾಫ್ಟ್‌ವೇರ್‌ಗಳ ಲೈಸೆನ್ಸ್ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸಕ್ಕೆ, ಅಂದರೆ ಆ ಕಾರ್ಡಿನ ಗುರುತಿನ ಸಂಖ್ಯೆಗೆ, ಕಟ್ಟಿರುತ್ತದೆ. ವಿಂಡೋಸ್ 10 ಮತ್ತು 11ರ ವೈಫೈ ಸೆಟ್ಟಿಂಗ್‌ನಲ್ಲಿ 'ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್' ಅನ್ನುವ ಆಯ್ಕೆ ಇದೆ. ಅದು ಆನ್ ಆಗಿದ್ದರೆ ವಿಳಾಸ ಬದಲಾಗುತ್ತದೆ, ಪ್ರೋಗ್ರಾಂ ಇದು ಬೇರೆಯೇ ಕಂಪ್ಯೂಟರ್ ಅಂದುಕೊಳ್ಳುತ್ತದೆ. ಅಂಥ ಕಡೆ ರಿಜಿಸ್ಟ್ರಿಗೆ ಕೈ ಹಾಕುವ ಮೊದಲು ಆ ಆಯ್ಕೆಯನ್ನು ಆಫ್ ಮಾಡಿ ನೋಡಿ.